ಗಿಣಿ ಅಂಗಿ, ಇಳಕಲ್ ಜಾಕೆಟ್ಟು: ವಸ್ತ್ರವಿನ್ಯಾಸಕಿಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ತಿಳಿನೀಲಿ ಅಂಗಿಯಲ್ಲೇ ಕಳೆದು ಈಚೆಗೆ ನಿವೃತ್ತನಾಗಿದ್ದೇನೆ. ಹುಟ್ಟುಹಬ್ಬಕ್ಕೆಂದು ಮಗಳು ಮೈತುಂಬ ಗಿಣಿ, ಅನಾನಸುಗಳಿರುವ ಅಂಗಿಯೊಂದನ್ನು ಕಳುಹಿಸಿದ್ದಾಳೆ. ತೊಟ್ಟು ವಾಕಿಂಗ್‌ಗೆ ಹೋದರೆ ಪಾರ್ಕಿನ ಗೆಳೆಯರು ಏನೆಂದಾರು ಎಂಬ ಅಳುಕು. ಈ ವಯಸ್ಸಿಗೆ ಇದು ಒಪ್ಪುತ್ತದೆಯೆ?
– ನಿವೃತ್ತ ಬ್ಯಾಂಕ್ ಅಧಿಕಾರಿ, ಶಿವಮೊಗ್ಗ

ಉತ್ತರ: ಮೊದಲ ದಿನ ಖಂಡಿತ ಏನಾದರೂ ಅನ್ನುತ್ತಾರೆ, ವಾರದೊಳಗೆ ಅವರಲ್ಲೇ ಒಬ್ಬರು ಬೆಲೆ ವಿಚಾರಿಸುತ್ತಾರೆ. ಈ ಅಂಗಿಯ ತವರು ಹವಾಯಿ ದ್ವೀಪಗಳು. 1930ರ ದಶಕದಲ್ಲಿ ಹೊನೊಲುಲುವಿನ ದರ್ಜಿಗಳು ಕಿಮೋನೊಗೆಂದು ತರಿಸಿದ ಜಪಾನಿ ಬಟ್ಟೆಯಲ್ಲಿ ಅಂಗಿ ಹೊಲಿಯತೊಡಗಿದರು. ಪ್ರವಾಸಿಗರ ಮೋಜಿನ ಉಡುಪಾಗಿದ್ದ ಅದು 1966ರಲ್ಲಿ ಶುಕ್ರವಾರ ಇದೇ ಅಂಗಿ ತೊಟ್ಟು ಕೆಲಸಕ್ಕೆ ಬರುವ ‘ಅಲೋಹಾ ಶುಕ್ರವಾರ’ದ ರೂಢಿ ಆರಂಭವಾದ ಮೇಲೆ ಅಲ್ಲಿನ ಕಚೇರಿಗಳ ಒಳಕ್ಕೂ ಬಂತು. ಆದುದರಿಂದ ಕಚೇರಿಯಲ್ಲಿ ಆಯುಷ್ಯ ಸವೆಸಿದವರಿಗೂ ಗಿಣಿಗೂ ಹಳೆಯ ನಂಟಿದೆಯೆಂದು ತಿಳಿಯಿರಿ.

ಒಮ್ಮೆ ಎದೆಯ ಜೇಬನ್ನು ಗಮನಿಸಿ. ಗಿಣಿಯ ರೆಕ್ಕೆ ಜೇಬಿನ ಅಂಚಿನಲ್ಲಿ ತುಂಡಾಗದೆ ಅಂಗಿಯ ಮೇಲಿನ ರೆಕ್ಕೆಗೆ ಸರಿಯಾಗಿ ಕೂಡಿಕೊಂಡು, ಜೇಬು ಎಲ್ಲಿದೆಯೆಂದು ಹುಡುಕುವಂತಿದ್ದರೆ, ಕತ್ತರಿ ಹಿಡಿದವನು ಬಟ್ಟೆ ಉಳಿಸುವುದಕ್ಕಿಂತ ಅಂದಕ್ಕೆ ಬೆಲೆ ಕೊಟ್ಟಿದ್ದಾನೆ ಎಂದರ್ಥ. ಕೆಳಗಂಚು ನೇರವಾಗಿದ್ದರೆ ಇನ್‌ಶರ್ಟ್ ಮಾಡಬೇಡಿ. ಬೂದು ಬಣ್ಣದ ಹಳೆಯ ಪ್ಯಾಂಟೇ ಸಾಕು. ಗಿಣಿಗಳ ಗದ್ದಲಕ್ಕೆ ಪ್ಯಾಂಟೂ ದನಿಗೂಡಿಸಬೇಕಾಗಿಲ್ಲ.

ಪ್ರಶ್ನೆ: ನನಗೆ ದೊಡ್ಡ ದೊಡ್ಡ ಓಲೆ, ಬಣ್ಣದ ಕನ್ನಡಕ, ಚಿತ್ರವಿಚಿತ್ರ ಕೈಚೀಲಗಳೆಂದರೆ ಪ್ರಾಣ. ‘ಜಾತ್ರೆ ಬಂತು’ ಎಂದು ಸಹೋದ್ಯೋಗಿಗಳು ನಗುತ್ತಾರೆ. ಎಷ್ಟಾದರೆ ಅತಿ?
– ಶಿಕ್ಷಕಿ, ಧಾರವಾಡ

ಉತ್ತರ: ಎಲ್ಲವನ್ನೂ ಒಂದೇ ದಿನ ಹೊರತೆಗೆದರೆ ಅತಿ. 1937ರಲ್ಲಿ ಪ್ಯಾರಿಸ್ಸಿನ ವಿನ್ಯಾಸಕಿ ಎಲ್ಸಾ ಶಿಯಾಪರೆಲ್ಲಿ, ಚಿತ್ರಕಾರ ಸಾಲ್ವಡಾರ್ ಡಾಲಿಯೊಂದಿಗೆ ಸೇರಿ, ಬಿಳಿಯ ಉದ್ದ ಗೌನೊಂದರ ಮೇಲೆ ದೊಡ್ಡದೊಂದು ಕೆಂಪು ಲಾಬ್‌ಸ್ಟರನ್ನು, ಎಂದರೆ ಸಿಗಡಿಯಂಥ ಕಡಲಜೀವಿಯನ್ನು, ಮೂಡಿಸಿದರು. ಇಂದಿಗೂ ಜನ ಅದನ್ನು ನೆನೆಯುವುದಕ್ಕೆ ಲಾಬ್‌ಸ್ಟರ್ ಎಷ್ಟು ಕಾರಣವೋ ಅದರ ಸುತ್ತ ಖಾಲಿ ಬಿಟ್ಟ ಬಿಳುಪೂ ಅಷ್ಟೇ ಕಾರಣ. ಓಲೆ ಮಾತನಾಡುವ ದಿನ ಕನ್ನಡಕ ಸುಮ್ಮನಿರಲಿ.

ನನ್ನ ಪೆದ್ದುತನವನ್ನೂ ಹೇಳಿಬಿಡುತ್ತೇನೆ. ಲಂಬಾಣಿ ಉಡುಗೆಯ ಮೋಹಕ್ಕೆ ಬಿದ್ದು ಕುರ್ತಾದ ಎರಡೂ ತೋಳಂಚಿಗೆ ಪುಟ್ಟ ಗೆಜ್ಜೆಗಳನ್ನು ಹೊಲಿಸಿಕೊಂಡು ರಾಮನವಮಿಯ ಸಂಗೀತ ಕಚೇರಿಯೊಂದಕ್ಕೆ ಹೋಗಿ ಎರಡನೆಯ ಸಾಲಿನಲ್ಲಿ ಕುಳಿತೆ. ಆಲಾಪನೆಗೆ ತಾಳವಿಲ್ಲ, ನನ್ನ ತೋಳಿಗಿತ್ತು. ಸೊಳ್ಳೆ ಓಡಿಸಲು ಕೈಯೆತ್ತಿದಾಗಲೆಲ್ಲ ಪಿಟೀಲಿನವರು ನನ್ನತ್ತ ತಿರುಗುತ್ತಿದ್ದರು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಮಂಗಳದವರೆಗೂ ಸೊಳ್ಳೆಗಳಿಗೆ ರಕ್ತದಾನ ಮಾಡಿದೆ. ಉಡುಪನ್ನು ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು, ಅದನ್ನು ತೊಟ್ಟು ಹೋಗುವ ಜಾಗವನ್ನೂ ನೆನೆದುಕೊಳ್ಳಬೇಕೆಂಬುದು ಅಂದು ತಿಳಿಯಿತು.

ಪ್ರಶ್ನೆ: ಅಜ್ಜಿಯ ಇಳಕಲ್ ಸೀರೆ ನನ್ನ ಪಾಲಿಗೆ ಬಂದಿದೆ. ನಾನು ಸೀರೆ ಉಡುವುದು ವರ್ಷಕ್ಕೊಮ್ಮೆ. ಅದರಲ್ಲಿ ಜಾಕೆಟ್ ಹೊಲಿಸಿಕೊಳ್ಳುವ ಆಸೆ. ಕತ್ತರಿ ಎಂಬ ಮಾತು ಕೇಳಿದೊಡನೆ ಅಮ್ಮ ಊಟ ಬಿಟ್ಟಿದ್ದಾರೆ.
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಉತ್ತರ: ಅಮ್ಮನವರ ಸಂಕಟದಲ್ಲಿ ಅರ್ಧ ನ್ಯಾಯವಿದೆ. ಇಳಕಲ್ ಸೀರೆಯಲ್ಲಿ ಮೈಯ ಹಾಸೇ (ಉದ್ದಕ್ಕೆ ಹಾಯುವ ಎಳೆಗಳೇ) ಬೇರೆ, ಸೆರಗಿನ ಹಾಸೇ ಬೇರೆ. ಅವೆರಡನ್ನೂ ಎಳೆಎಳೆಯಾಗಿ ಕುಣಿಕೆ ಹಾಕಿ ಕೂಡಿಸುವ ‘ಕೊಂಡಿ’ಯ ಕೆಲಸ ಆ ಸೀರೆಯ ಜೀವ. ಕೆಂಪು ಸೆರಗಿನ ಮೇಲೆ ಜೋಳದ ತೆನೆಗಳು ಸಾಲುಗಟ್ಟಿ ನಿಂತಂತೆ ಕಾಣುವ ಬಿಳಿಯ ಟೋಪ್‌ತೆನಿ ವಿನ್ಯಾಸ ಅದರ ಗುರುತು. ಅಷ್ಟು ಕಷ್ಟಪಟ್ಟು ಕೂಡಿಸಿದ್ದನ್ನು ಎರಡು ನಿಮಿಷದಲ್ಲಿ ಬೇರೆ ಮಾಡುವುದು ಸಲ್ಲ.

ಕತ್ತರಿಗೆ ಮೊದಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹತ್ತಾರು ವರ್ಷ ಒಂದೇ ಮಡಿಕೆಯಲ್ಲಿದ್ದ ರೇಷ್ಮೆ ಆ ಗೆರೆಗುಂಟ ಸೀಳಿರಬಹುದು. ಎಲ್ಲಿಯೂ ಸೀಳಿಲ್ಲದಿದ್ದರೆ ಸೀರೆಯನ್ನು ಸೀರೆಯಾಗಿಯೇ ಬಿಟ್ಟು, ಗುಳೇದಗುಡ್ಡದ ಖಣವನ್ನು ಕೊಂಡು ಜಾಕೆಟ್ ಹೊಲಿಸಿ; ಕುಪ್ಪಸಕ್ಕೆಂದೇ ನೇಯುವ ಆ ಬಟ್ಟೆ ಕತ್ತರಿಯನ್ನು ನಿರೀಕ್ಷಿಸಿಯೇ ಮಗ್ಗದಿಂದ ಇಳಿದಿರುತ್ತದೆ. ಮೈ ಜೀರ್ಣವಾಗಿ ಸೆರಗು ಮಾತ್ರ ಗಟ್ಟಿಯಿದ್ದರೆ, ಕೊಂಡಿಯ ಗೆರೆಯಿಂದ ಈಚೆಗೆ ಒಂದು ಗೇಣು ಮೈಯನ್ನೂ ಸೇರಿಸಿ ಕತ್ತರಿಸಿ, ಆ ಗೆರೆ ಬೆನ್ನಿನ ಮೇಲೆ ಅಡ್ಡಲಾಗಿ ಬರುವಂತೆ ಜಾಕೆಟ್ಟಿನ ಹಿಂಭಾಗವನ್ನು ಮಾಡಿಸಿ. ಒಳಗೆ ಮೆತ್ತನೆಯ ಹತ್ತಿಯ ಲೈನಿಂಗ್ ಇರಲೇಬೇಕು. ಹಳೆಯ ರೇಷ್ಮೆಗೆ ಬಿಸಿ ಇಸ್ತ್ರಿಯಿಂದ ಕ್ಯಾನ್ವಾಸ್ ಅಂಟಿಸಲು ಮಾಸ್ಟರ್ ಹೊರಟರೆ ಖಡಾಖಂಡಿತವಾಗಿ ಬೇಡವೆನ್ನಿ.

ಸೀರೆಯ ಮೇಲೆ ಕಸೂತಿಯಿದ್ದರೆ ನಿಮ್ಮ ಪುಣ್ಯ. ಗವಂತಿ, ಮುರಗಿ ಹೊಲಿಗೆಗಳಿಗೆ ಗಂಟು ಹಾಕುವುದಿಲ್ಲ. ನುರಿತ ಕೈಯಾದರೆ ಹಿಂದುಮುಂದು ಎರಡೂ ಒಂದೇ ಸಮ ಕಾಣುತ್ತದೆ. ಅಂಥ ತುಂಡನ್ನು ಕಾಲರಿಗೆ ಲೈನಿಂಗ್ ಇಲ್ಲದೆ ಬಳಸಿ, ಮಡಿಸಿದರೂ ಬಿಚ್ಚಿದರೂ ಅಜ್ಜಿಯ ಕೈಕೆಲಸವೇ ಕಾಣಲಿ. ಮೊದಲ ಬಾರಿಗೆ ಆ ಜಾಕೆಟ್ಟನ್ನು ಅಮ್ಮನಿಗೇ ತೊಡಿಸಿ ನೋಡಿ. ಮರಳಿ ಸಿಗದಿದ್ದರೆ ನನ್ನನ್ನು ದೂರಬೇಡಿ.

ಪ್ರಶ್ನೆ: ಬೇಕೆಂದೇ ಎರಡು ಬಣ್ಣದ ಕಾಲುಚೀಲ ಹಾಕುತ್ತೇನೆ. ಇದು ಸ್ಟೈಲೋ, ಸೋಮಾರಿತನವೋ?
– ವಿದ್ಯಾರ್ಥಿ, ಮಂಗಳೂರು

ಉತ್ತರ: ಎರಡೂ ಒಗೆದಿದ್ದರೆ ಸ್ಟೈಲು.

ಪ್ರಶ್ನೆ: ಶುಕ್ರವಾರ ಪಂಚೆ ಉಟ್ಟು, ಸ್ನೀಕರ್ಸ್ ಹಾಕಿಕೊಂಡು ಆಫೀಸಿಗೆ ಹೋಗಬೇಕೆಂದಿದ್ದೇನೆ. ಜನ ನಕ್ಕಾರೆಂಬುದಕ್ಕಿಂತ ಪಂಚೆ ಜಾರೀತೆಂಬ ಭಯವೇ ಹೆಚ್ಚು.
– ಎಂಜಿನಿಯರ್, ಮೈಸೂರು

ಉತ್ತರ: ನಗುವವರು ಎಲ್ಲೆಲ್ಲೂ ಇದ್ದಾರೆ. 2024ರ ಜುಲೈನಲ್ಲಿ ಪಂಚೆ ಉಟ್ಟ ಹಿರಿಯ ರೈತರೊಬ್ಬರನ್ನು ಬೆಂಗಳೂರಿನ ಮಾಲೊಂದು ಒಳಗೆ ಬಿಡಲಿಲ್ಲ. ಊರೆಲ್ಲ ಸಿಟ್ಟಾದ ಮೇಲೆ ಮಾಲಿನ ಬಾಗಿಲನ್ನೇ ಕೆಲವು ದಿನ ಹಾಕಿಸಲಾಯಿತು. ಆದರೆ ಕ್ಷಮೆ ಕೇಳಿಸಬಹುದೇ ಹೊರತು ಜಾರುವ ಪಂಚೆಯನ್ನು ಯಾರೂ ಹಿಡಿದು ನಿಲ್ಲಿಸಲಾರರು. ನಿಮ್ಮ ಭಯವೇ ವಿವೇಕದ್ದು. ನಾಲ್ಕು ಮೊಳದ ಒಂಟಿ ಪಂಚೆ ಬೇಡ, ಎಂಟು ಮೊಳದ್ದನ್ನು ಜೋಡಿ ಮಡಿಸಿ ಉಡಿ. ಹೊಸ ಪಂಚೆಯ ಗಂಜಿ ಸೊಂಟದಲ್ಲಿ ನಿಲ್ಲಲು ಬಿಡುವುದಿಲ್ಲವಾದುದರಿಂದ ಎರಡು ಬಾರಿ ಒಗೆದ ಮೇಲೆಯೇ ಆಫೀಸಿನ ಮಾತು. ಸ್ನೀಕರ್ಸ್ ಬಿಳಿಯದಾಗಿರಲಿ, ಲೇಸಿನಲ್ಲಿ ಪಂಚೆಯ ಅಂಚಿನ ಬಣ್ಣ ಬರಲಿ, ಜರಿ ಅಂಚನ್ನು ಮದುವೆಮನೆಗೆ ಮೀಸಲಿಡಿ. ವೆಲ್ಕ್ರೊ ಪಂಚೆಯೂ ಅಂಗಡಿಯಲ್ಲಿ ಸಿಗುತ್ತದೆ. ಆದರೆ ಮೀಟಿಂಗಿನ ನಡುವೆ ಅದು ಪರ್‍ರೆಂದು ಬಿಟ್ಟುಕೊಂಡರೆ ಆ ಸದ್ದನ್ನು ಕೆಮ್ಮಿನಿಂದ ಮುಚ್ಚಲಾಗದು. ಬೆಲ್ಟ್ ಕಟ್ಟಿಕೊಳ್ಳಿ, ಅಂಗಿ ಮೇಲೆ ಇರುವುದರಿಂದ ಯಾರಿಗೂ ತಿಳಿಯುವುದಿಲ್ಲ.