ಯಾರು ಕೇಳಿದರು, ಯಾರಿಗೆ ಹೇಳಿದರು

ಮಾನ್ಯರೇ,

ಕಳೆದ ಸಂಚಿಕೆಯ ಮಕ್ಕಳ ಪುಟಗಳಲ್ಲಿ ಅಮೆರಿಕದ ಗುಲಾಮರು ತಾವೇ ಹೇಳಿಕೊಂಡ ಬಾಲ್ಯದ ಸಂಗತಿಗಳನ್ನು ಪ್ರಕಟಿಸಿದ್ದರ ಕುರಿತು ನೀವು ಬರೆದ ಪತ್ರ ತಲುಪಿತು. ಆರನೆಯ ತರಗತಿಯ ನಿಮ್ಮ ಮಗಳು ಅದನ್ನು ಓದಿ ರಾತ್ರಿ ಸರಿಯಾಗಿ ಉಣ್ಣಲಿಲ್ಲವೆಂದೂ, ಇಂಥ ವಿಷಯವನ್ನು ನಾಲ್ಕು ಸಾಲಿನ ಪಾಠವಾಗಿ ಹೇಳಿದ್ದರೆ ಸಾಕಿತ್ತೆಂದೂ, ಅದೇ ಪುಟದಲ್ಲಿ ಮುದುಕಿಯೊಬ್ಬಳು ತನ್ನ ಒಡೆಯನನ್ನು ಹೊಗಳಿರುವುದು ಮಕ್ಕಳ ದಾರಿ ತಪ್ಪಿಸುತ್ತದೆಂದೂ ಬರೆದಿದ್ದೀರಿ. ಮಗಳಿಗಾದ ಸಂಕಟಕ್ಕೆ ವಿಷಾದವಿದೆ. ಆದರೆ ನಾಲ್ಕು ಸಾಲು ಸಾಕಿತ್ತೆಂಬ ಮಾತನ್ನು ನಾನು ಒಪ್ಪಲಾರೆ. ಮುದುಕಿಯ ವಿಷಯದಲ್ಲಿ ತಪ್ಪು ನಮ್ಮದೇ.

ನಿಮ್ಮ ಮಗಳ ಮನಸ್ಸು ಕಲಕಿದ ಭಾಗ, ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, 1845ರಲ್ಲಿ ಆತ್ಮಕಥೆ ಬರೆದ ಫ್ರೆಡರಿಕ್ ಡಗ್ಲಾಸ್ ಅವರದು. ಮೆಕ್ಕೆಜೋಳದ ಹಿಟ್ಟಿನ ಗಂಜಿಯನ್ನು ಮರದ ಬಾನಿಗೆ ಸುರಿದು ನೆಲದ ಮೇಲಿಡುತ್ತಿದ್ದರು. ಮಕ್ಕಳು ಹಂದಿಮರಿಗಳಂತೆ ಮುಗಿಬಿದ್ದು, ಕೆಲವರು ಚಿಪ್ಪಿನಿಂದ, ಕೆಲವರು ಬರಿಗೈಯಿಂದ ಬಾಚಿಕೊಂಡು ತಿನ್ನಬೇಕಿತ್ತು. ವರ್ಷಕ್ಕೆ ಎರಡು ಒರಟು ಅಂಗಿ; ಅವು ಹರಿದರೆ ಮುಂದಿನ ವರ್ಷದವರೆಗೆ ಬೆತ್ತಲೆ. ಚಳಿಗಾಲದ ರಾತ್ರಿ ಆ ಹುಡುಗ ಮೆಕ್ಕೆಜೋಳದ ಚೀಲವೊಂದರೊಳಗೆ ತಲೆ ತೂರಿಸಿ ಮಲಗುತ್ತಿದ್ದ. ಕಾಲು ಹೊರಗೇ ಉಳಿಯುತ್ತಿತ್ತು. ಚಳಿಗೆ ಬಿರಿದ ಆ ಕಾಲುಗಳ ಒಡಕಿನಲ್ಲಿ ತಾನೀಗ ಬರೆಯುತ್ತಿರುವ ಲೇಖನಿಯನ್ನೇ ಇಡಬಹುದಿತ್ತೆಂದು ದೊಡ್ಡವನಾದ ಮೇಲೆ ಅವರು ಬರೆಯುತ್ತಾರೆ. ‘ಗುಲಾಮರನ್ನು ಅಮಾನುಷವಾಗಿ ನಡೆಸಿಕೊಳ್ಳಲಾಗುತ್ತಿತ್ತು’ ಎಂಬ ವಾಕ್ಯವನ್ನು ಮಗು ಎರಡು ಅಂಕದ ಉತ್ತರವಾಗಿ ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆಯುತ್ತದೆ. ಆ ಚೀಲವನ್ನು ಮರೆಯುವುದಿಲ್ಲ. ಅದೇ ಪುಸ್ತಕದ ಆರಂಭದಲ್ಲಿರುವ, ಚಿಕ್ಕಮ್ಮನನ್ನು ಕಟ್ಟಿಹಾಕಿ ಹೊಡೆದ ಪ್ರಸಂಗವನ್ನು ನಾವು ಬೇಕೆಂದೇ ಬಿಟ್ಟಿದ್ದೆವು. ಮಕ್ಕಳಿಗೆ ಯಾವ ಭಾಗ ಕೊಡಬೇಕೆಂದು ಆರಿಸಬಹುದು. ಆರಿಸಿದ ಭಾಗಕ್ಕೆ ಬೆಲ್ಲ ಬೆರೆಸಬಾರದು.

ಇನ್ನು ಮುದುಕಿಯ ಮಾತು. 1936ರಿಂದ 1938ರವರೆಗೆ ಅಮೆರಿಕದ ಸರ್ಕಾರ, ಆರ್ಥಿಕ ಕುಸಿತದಿಂದ ಕೆಲಸ ಕಳೆದುಕೊಂಡ ಬರಹಗಾರರನ್ನು ನೇಮಿಸಿಕೊಂಡು, ಬದುಕುಳಿದಿದ್ದ 2,300ಕ್ಕೂ ಹೆಚ್ಚು ಮಾಜಿ ಗುಲಾಮರ ಹೇಳಿಕೆಗಳನ್ನು ಬರೆಸಿತು. ಕೇಳಲು ಹೋದವರಲ್ಲಿ ಬಹುಪಾಲು ಬಿಳಿಯರು. ಹೇಳುವವರು ಅದೇ ಬಿಳಿಯರ ಊರುಗಳಲ್ಲಿ ಬಾಳಬೇಕಾದ ಬಡ ಮುದುಕರು. ಚಾರ್ಲ್‌ಸ್ಟನ್ ನಗರದ ಸೂಸನ್ ಹ್ಯಾಮ್ಲಿನ್ ಎಂಬ ವೃದ್ಧೆಯನ್ನು ಇಬ್ಬರು ಬೇರೆ ಬೇರೆಯಾಗಿ ಮಾತನಾಡಿಸಿದರು. ಬಿಳಿಯ ಮಹಿಳೆಯೊಬ್ಬರು ಬಂದಾಗ, ಅವರು ಬಡವರಿಗೆ ನೆರವು ಕೊಡುವ ಸರ್ಕಾರಿ ಕಚೇರಿಯವರಿರಬೇಕೆಂದು ಭಾವಿಸಿದ ಆಕೆ, ಒಡೆಯ ಒಳ್ಳೆಯವನೆಂದರು. ಕಪ್ಪು ಜನಾಂಗದವರೇ ಆದ ಸಂದರ್ಶಕರ ಮುಂದೆ ಅದೇ ಬಾಯಿ ಛಡಿಯೇಟಿನ ಕಥೆ ಹೇಳಿತು. ರಾತ್ರಿ ಮದುವೆಯಾದ ಹೆಣ್ಣನ್ನು ಬೆಳಗಾಗುವಷ್ಟರಲ್ಲಿ ಮಾರಿದ ಕಥೆಯನ್ನೂ ಹೇಳಿತು. ನಾವು ಮೊದಲನೆಯದನ್ನು ಮಾತ್ರ, ಕೇಳಿದವರು ಯಾರೆಂಬುದನ್ನೂ ತಿಳಿಸದೆ ಅಚ್ಚು ಹಾಕಿದೆವು. ಮುಂದಿನ ಸಂಚಿಕೆಯಲ್ಲಿ ಎರಡನ್ನೂ ಅಕ್ಕಪಕ್ಕದಲ್ಲಿ ಪ್ರಕಟಿಸುತ್ತೇವೆ. ಹೆಡ್‌ಮಾಸ್ಟರ ಎದುರು ಒಂದು, ಗೆಳತಿಯ ಎದುರು ಇನ್ನೊಂದು ಹೇಳುವುದು ಏಕೆಂದು ಆರನೆಯ ತರಗತಿಯ ಮಗುವಿಗೆ ನಾವು ವಿವರಿಸಬೇಕಾಗಿಲ್ಲ.

‘ಗುಲಾಮ’ ಎನ್ನುವ ಬದಲು ‘ಜೀತದಾಳು’ ಎನ್ನಬಹುದಿತ್ತಲ್ಲ ಎಂದೂ ಕೇಳಿದ್ದೀರಿ. ನಮ್ಮಲ್ಲಿ ಜೀತ ಹೆಚ್ಚಾಗಿ ಸಾಲಕ್ಕೆ ಅಂಟಿಕೊಂಡದ್ದು. ಅಲ್ಲಿ ಮನುಷ್ಯನೇ ಒಡೆಯನ ಆಸ್ತಿ. ಗುಲಾಮ ತಾಯಿಯ ಕೂಸು ಹುಟ್ಟುತ್ತಲೇ ಗುಲಾಮ. ಆದ್ದರಿಂದ ಪದವನ್ನು ಬದಲಿಸುವುದಿಲ್ಲ.

ಪತ್ರದ ಕೊನೆಗೆ ಮಗಳು ತನ್ನ ಕೈಯಿಂದಲೇ ‘ಅವರ ಹುಟ್ಟುಹಬ್ಬ ಯಾವತ್ತು?’ ಎಂದು ಬರೆದಿದ್ದಾಳೆ. ಡಗ್ಲಾಸ್ ಅವರಿಗೆ ಅದು ಗೊತ್ತಿರಲಿಲ್ಲ. ಬಿತ್ತನೆಯ ಕಾಲ, ಕೊಯ್ಲಿನ ಕಾಲ ಎನ್ನುವುದಕ್ಕಿಂತ ಹೆಚ್ಚಾಗಿ ತಾವು ಹುಟ್ಟಿದ ಹೊತ್ತನ್ನು ಹೇಳಬಲ್ಲ ಗುಲಾಮರೇ ಅಪರೂಪವೆಂದು ಅವರು ಬರೆದಿದ್ದಾರೆ. ಮುಂದೆ ಫೆಬ್ರವರಿ 14ನ್ನು ತಾವೇ ಆರಿಸಿಕೊಂಡರೆಂದು ಅವಳಿಗೆ ತಿಳಿಸಿ.

— ಸಂಪಾದಕ