ಕುಡಿದದ್ದೆಲ್ಲ ಹೋಗುತ್ತಿರುವಾಗ ಓಆರ್‌ಎಸ್ ಯಾಕೆ?

ಓದುಗರ ಪತ್ರ: ಭೇದಿ ಶುರುವಾದರೆ ಕರುಳೇ ಕೆಟ್ಟಿರುತ್ತದೆ, ಕುಡಿದ ನೀರು ಹಾಗೇ ಹೋಗುತ್ತದೆ. ಓಆರ್‌ಎಸ್ ಮಾತ್ರ ಹೇಗೆ ಮೈಗೆ ಹತ್ತುತ್ತದೆ? ಅದರಲ್ಲಿರುವ ಸಕ್ಕರೆ ಶಕ್ತಿಗೆ ತಾನೇ? ಒಂದು ಪೊಟ್ಟಣವನ್ನು ಎರಡೇ ಲೋಟ ನೀರಿಗೆ ಗಟ್ಟಿಯಾಗಿ ಕಲಸಿದರೆ ಬೇಗ ಗುಣವಾಗುವುದಿಲ್ಲವೇ?

ಸಂಪಾದಕರ ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಹೇಳಿಬಿಡುತ್ತೇವೆ: ದಯವಿಟ್ಟು ಹಾಗೆ ಮಾಡಬೇಡಿ. ಯಾಕೆಂದು ತಿಳಿಯಲು ಕಾಲರಾದಷ್ಟು ಒಳ್ಳೆಯ ಉದಾಹರಣೆ ಇನ್ನೊಂದಿಲ್ಲ.

ಕಾಲರಾ ಬ್ಯಾಕ್ಟೀರಿಯಾ ಕರುಳಿನ ಜೀವಕೋಶದೊಳಗೆ ನುಗ್ಗುವುದಿಲ್ಲ, ಅದನ್ನು ಕೊಲ್ಲುವುದೂ ಇಲ್ಲ. ಸಣ್ಣ ಕರುಳಿನ ಒಳಮೈಗೆ ಅಂಟಿಕೊಂಡು ವಿಷ ಬಿಡುತ್ತದೆ. ಬ್ಯಾಕ್ಟೀರಿಯಾವನ್ನು ಸೋಸಿ ತೆಗೆದ ದ್ರವವೊಂದೇ ಮೊಲದ ಕರುಳಿನಲ್ಲಿ ನೀರು ತುಂಬಿಸಲು ಸಾಕೆಂದು 1959ರಲ್ಲಿ ತೋರಿಸಿದವರು ಕಲ್ಕತ್ತೆಯ ಶಂಭುನಾಥ ಡೇ. (ಬದುಕಿದ್ದಾಗ ಅವರಿಗೆ ಸಿಕ್ಕ ಮನ್ನಣೆ ತೀರಾ ಕಡಿಮೆ.) ಈ ವಿಷದ ಐದು ತುಣುಕುಗಳು ಜೀವಕೋಶದ ಹೊರಮೈಯನ್ನು ಹಿಡಿದುಕೊಳ್ಳುತ್ತವೆ. ಆರನೆಯದು ಒಳಗಿಳಿದು, ಸೈಕ್ಲಿಕ್ ಎಎಂಪಿ (ಜೀವಕೋಶದೊಳಗೆ ಸಂದೇಶ ಒಯ್ಯುವ ರಾಸಾಯನಿಕ) ತಯಾರಿಸುವ ಕಿಣ್ವ ನಿಲ್ಲದೆ ಓಡುವಂತೆ ಮಾಡುತ್ತದೆ. ಆಗ ಉಪ್ಪಿನ ಒಂದು ಅಂಶವಾದ ಕ್ಲೋರೈಡ್ ಹೊರಹೋಗುವ ದಾರಿ ತಿರುಪು ಹಾರಿದ ನಲ್ಲಿಯಂತೆ ತೆರೆದೇ ಉಳಿಯುತ್ತದೆ. ಕ್ಲೋರೈಡ್ ಹಿಂದೆ ಉಪ್ಪಿನ ಇನ್ನೊಂದು ಅಂಶ ಸೋಡಿಯಂ, ಅದರ ಹಿಂದೆ ನೀರು. ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ಅಕ್ಕಚ್ಚಿನಂಥ ಭೇದಿ ಹೋಗಬಹುದು.

ಅದೇ ಜೀವಕೋಶದಲ್ಲಿ ವಿಷ ಮುಟ್ಟದ ಇನ್ನೊಂದು ಬಾಗಿಲಿದೆ: ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನ್. ಅದು ಒಂದು ಗ್ಲೂಕೋಸ್ ಜೊತೆ ಎರಡು ಸೋಡಿಯಂ ಒಳಗೆಳೆಯುತ್ತದೆ, ನೀರು ಹಿಂಬಾಲಿಸುತ್ತದೆ. ಗ್ಲೂಕೋಸ್ ಇಲ್ಲದಿದ್ದರೆ ಈ ಬಾಗಿಲು ಕೆಲಸ ಮಾಡುವುದಿಲ್ಲ. ಪೊಟ್ಟಣದಲ್ಲಿ ಸಕ್ಕರೆ ಇರುವುದು ಮುಖ್ಯವಾಗಿ ಇದಕ್ಕೇ, ಶಕ್ತಿ ಆಮೇಲಿನ ಮಾತು. 1971ರಲ್ಲಿ ಪಶ್ಚಿಮ ಬಂಗಾಳದ ಗಡಿ ಊರು ಬನಗಾಂವ್‌ನಲ್ಲಿ, ಬಾಂಗ್ಲಾ ಯುದ್ಧದ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಡ್ರಿಪ್ ಸಾಲದಾದಾಗ, ಉಪ್ಪು-ಸಕ್ಕರೆ ನೀರು ಕುಡಿಸಿದ ವೈದ್ಯ ದಿಲೀಪ್ ಮಹಲನಬಿಸ್ ನೆಚ್ಚಿದ್ದೂ ಈ ಬಾಗಿಲನ್ನೇ.

ಈಗ ಒಂದು ಲೀಟರಿನ ಪೊಟ್ಟಣದ ಲೆಕ್ಕ. ಒಂದು ಲೀಟರ್ ನೀರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಇದರ ಸಾಂದ್ರತೆ 245 ಮಿಲಿಆಸ್ಮೋಲ್ (ಒಂದು ಲೀಟರಿನಲ್ಲಿ ಕರಗಿರುವ ಕಣಗಳ ಅಳತೆ), ರಕ್ತದ್ದು ಸುಮಾರು 290. ತೆಳುವಾದ ಕಡೆಯಿಂದ ಗಟ್ಟಿಯ ಕಡೆಗೆ ನೀರು ಹರಿಯುವುದರಿಂದ ಅದು ಕರುಳಿನಿಂದ ಮೈಯೊಳಗೆ ಬರುತ್ತದೆ. ನೀವು ಹೇಳುವಂತೆ ಎರಡು ಲೋಟಕ್ಕೆ, ಅಂದರೆ 400 ಮಿ.ಲೀ.ಗೆ ಕಲಸಿದರೆ ಸಾಂದ್ರತೆ 600 ದಾಟುತ್ತದೆ. ಆಗ ಮೈಯ ನೀರೇ ಕರುಳಿಗೆ ಇಳಿದು ಭೇದಿ ಹೆಚ್ಚುತ್ತದೆ, ರಕ್ತದಲ್ಲಿ ಸೋಡಿಯಂ ಏರಿ ಮಕ್ಕಳಿಗೆ ಫಿಟ್ಸ್ ಬರಬಹುದು. ತಂಪು ಪಾನೀಯ, ಪ್ಯಾಕೆಟ್ ಜ್ಯೂಸ್‌ಗಳ ತೊಂದರೆಯೂ ಇದೇ: ಸಕ್ಕರೆ ವಿಪರೀತ, ಉಪ್ಪು ಇಲ್ಲವೆನ್ನುವಷ್ಟು. ಅಂಗಡಿಯಲ್ಲಿ 200 ಮಿ.ಲೀ.ಯ ಸಣ್ಣ ಪೊಟ್ಟಣವೂ ಸಿಗುತ್ತದೆ, ಹಾಗಾಗಿ ಕವರ್ ಓದಿಯೇ ಕಲಸಿ.

ಕುದಿಸಿ ಆರಿಸಿದ ನೀರಿಗೆ ಹಾಕಿ, ಹಾಕಿದ ಮೇಲೆ ಕುದಿಸಬೇಡಿ. 24 ಗಂಟೆ ದಾಟಿದರೆ ಚೆಲ್ಲಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದಾಗ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಕ್ಕಳಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಕುಡಿಸಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಚಮಚ ಗೋಪುರವಾಗದೆ ಸಮವಾಗಿರಲಿ.

ಓಆರ್‌ಎಸ್ ಕೊಟ್ಟರೂ ಭೇದಿ ನಿಲ್ಲಲಿಲ್ಲವೆಂದು ಅರ್ಧಕ್ಕೆ ಬಿಡುವವರೇ ಹೆಚ್ಚು. ವಿಷ ತಗಲಿದ ಜೀವಕೋಶಗಳು ಉದುರಿ ಹೊಸವು ಬರಲು ಕೆಲವು ದಿನ ಬೇಕು, ಅಲ್ಲಿಯವರೆಗೆ ಹೋದಷ್ಟು ನೀರು ತುಂಬಿಸುತ್ತಲೇ ಇರಬೇಕು. ಮಗು ಮಂಕಾಗಿ ಕುಡಿಯದಿದ್ದರೆ, ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ ಅಥವಾ ಭೇದಿಯಲ್ಲಿ ರಕ್ತ ಕಂಡರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ, ನುಂಗುವಂತಿದ್ದರೆ, ಕುಡಿಸುತ್ತಿರಿ.