ಕರ್ಕ್ಯುಮಿನ್ ನ್ಯಾನೋಎಮಲ್ಷನ್: ಹನಿ ಸಣ್ಣದಾದಷ್ಟೂ ಒಳ್ಳೆಯದಾ?

ಅರಿಶಿನದ ಕರ್ಕ್ಯುಮಿನ್ ಚರ್ಮದೊಳಗೆ ಇಳಿಯಬೇಕಾದರೆ ನ್ಯಾನೋಎಮಲ್ಷನ್ (ನೀರಿನಲ್ಲಿ ಹರಡಿದ ತೀರಾ ಸಣ್ಣ ಎಣ್ಣೆ ಹನಿಗಳ ಮಿಶ್ರಣ) ಹನಿಯನ್ನು ಆದಷ್ಟು ಸಣ್ಣ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು.

ಕರ್ಕ್ಯುಮಿನ್ ಅಣುವಿನ ತೂಕ ಸುಮಾರು 368 ಡಾಲ್ಟನ್. ಚರ್ಮ ದಾಟಲು ಸಾಮಾನ್ಯವಾಗಿ ಹೇಳುವ 500ರ ಮಿತಿಯೊಳಗೇ ಇದೆ. ತೊಂದರೆ ಇರೋದು ಕರಗುವುದರಲ್ಲಿ. ಲೋಟದ ನೀರಿಗೆ ಅರಿಶಿನ ಹಾಕಿ ಕಲಕಿ, ಸ್ವಲ್ಪ ಹೊತ್ತಿಗೆ ಪುಡಿ ತಳ ಸೇರುತ್ತದೆ. ಒಗ್ಗರಣೆಗೆ ಹಾಕಿದರೆ ಎಣ್ಣೆಯೇ ಹಳದಿ, ಅಲ್ವಾ? ಹಾಗಾಗಿ ಮೊದಲು ನಾಲ್ಕೈದು ಎಣ್ಣೆಗಳಲ್ಲಿ ಯಾವುದು ಜಾಸ್ತಿ ಕರಗಿಸುತ್ತದೆ ಅಂತ ಅಳೆಯಿರಿ. ಆದರೆ ಎಣ್ಣೆ ಅದನ್ನು ತೀರಾ ಗಟ್ಟಿಯಾಗಿ ಹಿಡಿದುಕೊಂಡರೆ ಚರ್ಮಕ್ಕೆ ಬಿಟ್ಟುಕೊಡುವುದಿಲ್ಲ. ಇದನ್ನು ತುಂಬಾ ಜನ ಮರೆಯುತ್ತಾರೆ.

ಹನಿ ಸಣ್ಣದಾಗಲಿ ಅಂತ ಸುಮ್ನೆ ಟ್ವೀನ್ 80 ಎಂಬ ಸರ್ಫ್ಯಾಕ್ಟಂಟ್ (ಎಣ್ಣೆ-ನೀರು ಬೆರೆಯುವಂತೆ ಮಾಡುವ ವಸ್ತು) ಸುರಿಯಬೇಡಿ. ಗಾತ್ರ 50 ನ್ಯಾನೋಮೀಟರಿಗೆ ಇಳಿಯಬಹುದು, ಆದರೆ ಸರ್ಫ್ಯಾಕ್ಟಂಟ್ ಜಾಸ್ತಿಯಾದರೆ ಚರ್ಮ ಉರಿಯುತ್ತದೆ. ನನ್ನ ಕೇಳಿದರೆ, ಚರ್ಮ ತಡೆದುಕೊಳ್ಳುವಂಥ 120 ನ್ಯಾನೋಮೀಟರಿನ ಹನಿಯೇ ವಾಸಿ. ಹನಿಗಳು ಒಂದೇ ಸಮ ಇರಲಿ, ಪಿಡಿಐ (ಹನಿಗಳ ಗಾತ್ರ ಎಷ್ಟು ಹೆಚ್ಚುಕಮ್ಮಿ ಇದೆ ಅನ್ನುವ ಅಳತೆ) 0.2ರ ಆಸುಪಾಸು.

ಎಣ್ಣೆ, ಸರ್ಫ್ಯಾಕ್ಟಂಟ್, ಸಾನಿಕೇಷನ್ (ಅಲ್ಟ್ರಾಸೌಂಡ್‌ನಿಂದ ಹನಿ ಒಡೆಯುವುದು) ಸಮಯ, ಮೂರನ್ನೂ ಬಾಕ್ಸ್-ಬೆನ್ಕೆನ್ ವಿನ್ಯಾಸದಲ್ಲಿ (ಕಡಿಮೆ ಪ್ರಯೋಗದಲ್ಲೇ ಹಲವು ಅಂಶಗಳನ್ನು ಒಟ್ಟಿಗೆ ಪರೀಕ್ಷಿಸುವ ಯೋಜನೆ) ಬದಲಿಸಿ. ಸುಮಾರು 15 ಪ್ರಯೋಗಕ್ಕೆ ಮುಗಿಯುತ್ತದೆ. ಪಿಎಚ್ 5.5ರ ಹತ್ತಿರ ಇಡಿ, ಕ್ಷಾರವಾದರೆ ಕರ್ಕ್ಯುಮಿನ್ ಬೇಗ ಒಡೆಯುತ್ತದೆ. ಬೆಳಕೂ ಆಗದು, ಕಂದು ಬಾಟಲಿಯಲ್ಲೇ ಇಡಿ. ಕೊನೆಗೆ, ಚರ್ಮದ ಮೂಲಕ ಎಷ್ಟು ಇಳಿಯಿತು ಅಂತ ಅಳೆಯುವ ಫ್ರಾಂಜ್ ಸೆಲ್‌ನಲ್ಲಿ ಹಂದಿ ಕಿವಿಯ ಚರ್ಮದ ಮೇಲೆ ನೋಡಿ.